ಯಲ್ದೂರಿನ ಮೇಷ್ಟ್ರ ಮನೆಯ ಫೋಟೋಸೆಲ್

1986ರಲ್ಲಿ ನಾನು ಕೋಲಾರದಲ್ಲಿ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಆಗಿದ್ದೆ. ಬಸ್ ನಿಲ್ದಾಣದ ಹತ್ತಿರ ಚಿಕ್ಕದೊಂದು ಅಂಗಡಿ, ಅದರ ಮೇಲೆಯೇ ಬಾಡಿಗೆ ಕೋಣೆ. ಮುಳಬಾಗಿಲಿನ ರೈಸ್ ಮಿಲ್ಲುಗಳಿಗೆ ಮೋಟಾರ್ ಸ್ಟಾರ್ಟರ್ ಕೂರಿಸುವುದು, ಶ್ರೀನಿವಾಸಪುರದ ಕಡೆ ಹೊಸ ಮನೆಗಳಿಗೆ ವೈರಿಂಗ್ ಮಾಡುವುದು ನನ್ನ ಕೆಲಸ. ದಿನವಿಡೀ ಬೇರೆಯವರ ಮನೆ ಬೆಳಗಿಸಿ ಬಂದು, ನಾನೇ ಬೀಗ ತೆಗೆದು ನಾನೇ ಸ್ವಿಚ್ ಹಾಕಿಕೊಳ್ಳುತ್ತಿದ್ದೆ. ಬೇಸರವಾಗುತ್ತದೆ ಎಂದು ಯಾರಿಗೂ ಹೇಳಿರಲಿಲ್ಲ. ಹೇಳುವುದಕ್ಕೆ ಯಾರಾದರೂ ಇರಬೇಕಲ್ಲ.

ಆ ವರ್ಷ ಮಾಲೂರಿನಲ್ಲಿ ಇಟ್ಟಿಗೆ ಗೂಡು ನಡೆಸುತ್ತಿದ್ದ ಕೃಷ್ಣಪ್ಪ ಎಂಬುವರು ಅಂಗಡಿಗೆ ಬಂದರು. ಅವರ ಅಣ್ಣ ನಂಜುಂಡಪ್ಪ ಯಲ್ದೂರಿನಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು. ಮಕ್ಕಳಿಲ್ಲ. ಹೆಂಡತಿ ತೀರಿಕೊಂಡು ಒಂದು ವರ್ಷವಾಗಿತ್ತು.

"ಸಂಜೆ ಆದ್ರೂ ದೀಪ ಹಾಕಲ್ಲ ಕಣಪ್ಪಾ ನಮ್ಮಣ್ಣ. ಕತ್ತಲಲ್ಲೇ ಕೂತಿರ್ತಾನೆ. ಎಲ್ಲಾದ್ರೂ ಎಡವಿ ಬಿದ್ರೆ ನೋಡೋರು ಯಾರು? ಬೀದಿ ದೀಪದ ಥರ ಅದೇ ಹತ್ಕೋಬೇಕು, ಅಂಥದ್ದೇನಾದ್ರೂ ಮಾಡು" ಎಂದರು.

ಮನೆಯೊಂದರ ದೀಪಗಳು ತಾವಾಗಿಯೇ ಹತ್ತಿ ಆರುವ ವ್ಯವಸ್ಥೆಯನ್ನು ನಮ್ಮ ಕಡೆ ಆಗ ಯಾರೂ ಕೇಳಿರಲಿಲ್ಲ. ನನಗೆ ಹುಮ್ಮಸ್ಸು ಬಂತು. ಬೆಂಗಳೂರಿನಿಂದ ಫೋಟೋಸೆಲ್, ರಿಲೇ, ಟೈಮ್ ಸ್ವಿಚ್ ತಂದೆ. ಫೋಟೋಸೆಲ್ ಎಂದರೆ ಬೆಳಕನ್ನು ಗುರುತಿಸುವ, ಅಂಗಿಯ ಗುಂಡಿಯಷ್ಟು ದೊಡ್ಡ ಬಿಲ್ಲೆ. ಸುತ್ತ ಬೆಳಕು ಕಡಿಮೆಯಾದರೆ ಅದು ರಿಲೇಗೆ ತಿಳಿಸುತ್ತದೆ. ರಿಲೇ ಎಂಬುದು ಕರೆಂಟಿನಿಂದಲೇ ಎಳೆಸಿಕೊಳ್ಳುವ ಪುಟ್ಟ ಸ್ವಿಚ್, ಅದು 'ಟಕ್' ಎಂದರೆ ದೀಪ ಹತ್ತುತ್ತದೆ. ರಾತ್ರಿ ದೀಪ ಆರಿಸುವುದು ಟೈಮ್ ಸ್ವಿಚ್ಚಿನ ಪಾಲು. ರಸ್ತೆಯ ವಾಹನಗಳ ಬೆಳಕು ಬೀಳದಿರಲೆಂದು ಫೋಟೋಸೆಲ್ಲನ್ನು ಹಿತ್ತಿಲ ಗೋಡೆಗೆ, ಸೂರಿನ ಕೆಳಗೆ ಕೂರಿಸಿದೆ. ಹಿಂದೆ ಬರೀ ಮಾವಿನ ತೋಪು.

ಮೇಷ್ಟ್ರು ಬೇಡವೆನ್ನಲಿಲ್ಲ. ನಾನು ಕೆಲಸ ಮಾಡುವಾಗ ಪಕ್ಕದಲ್ಲೇ ನಿಂತು ಪ್ರಶ್ನೆ ಕೇಳಿದರು. "ಹಗಲಲ್ಲಿ ಯಾಕೆ ಹತ್ತಲ್ಲ?" ಎಂದರು. "ಬೆಳಕು ಬಿದ್ದಷ್ಟು ಹೊತ್ತೂ ಅದು ಹಗಲು ಅಂದ್ಕೊಳ್ಳುತ್ತೆ ಮೇಷ್ಟ್ರೇ" ಎಂದೆ. ಪಾಠ ಒಪ್ಪಿಸುವ ಹುಡುಗನಂತೆ ನಾನು ಹೇಳಿದ್ದಕ್ಕೆ ಅವರು ತಲೆಯಾಡಿಸಿದರು.

ಒಂದು ತಿಂಗಳಾಗಿರಲಿಲ್ಲ, ಕೃಷ್ಣಪ್ಪನವರ ಫೋನು. ಯಲ್ದೂರಿಗೆ ಹೋಗಿದ್ದರಂತೆ, ಸಂಜೆ ಜಗಲಿಯ ದೀಪ ಹತ್ತಿರಲಿಲ್ಲವಂತೆ. ನಾನು ಮಧ್ಯಾಹ್ನ ಹೋಗಿ ಫೋಟೋಸೆಲ್ಲಿಗೆ ಅಂಗೈ ಮುಚ್ಚಿ ನೋಡಿದೆ. ಟಕ್ ಎಂದಿತು, ದೀಪ ಹತ್ತಿತು. ಮತ್ತೆ ದೂರು ಬಂತು, ಮತ್ತೆ ಹೋದೆ. ಅದರ ಗಾಜಿನ ಮುಚ್ಚಳಕ್ಕೆ ಮಸಿ ಹಿಡಿದಿತ್ತು. ಬಚ್ಚಲೊಲೆಯ ಹೊಗೆಯಿರಬೇಕೆಂದು ಒರೆಸಿ, ಬಿಲ್ಲೆಯನ್ನೂ ಬದಲಿಸಿ ಬಂದೆ. ಮೂರನೆಯ ಸಲ ಕೃಷ್ಣಪ್ಪನವರು ಫೋನಿನಲ್ಲೇ ಹರಿಹಾಯ್ದರು. "ಏಮಯ್ಯಾ, ಇದೇನು ಆಟದ ಸಾಮಾನಾ? ಆಗದಿದ್ರೆ ಕಿತ್ತು ಹಾಕು" ಎಂದರು. ಹೊಸ ಕೆಲಸ ಕೆಟ್ಟರೆ ಊರೂರಲ್ಲಿ ಹೆಸರು ಕೆಡುತ್ತದೆ. ಕೋಪದಿಂದಲೇ ಹೊರಟು, ಯಾರಿಗೂ ತಿಳಿಸದೆ ಸಂಜೆಯ ಹೊತ್ತಿಗೆ ಯಲ್ದೂರಿನಲ್ಲಿ ಬಸ್ ಇಳಿದೆ.

ತೋಪಿನ ಕಡೆಯಿಂದ ನೇರವಾಗಿ ಹಿತ್ತಿಲಿಗೆ ಹೋದೆ. ಫೋಟೋಸೆಲ್ಲಿನ ಎದುರು ಒಂದು ಮೊಳೆ ಹೊಡೆದಿತ್ತು. ಮೇಷ್ಟ್ರು ಸ್ಟೂಲ್ ಹತ್ತಿ, ಹಚ್ಚಿದ ಲಾಟೀನನ್ನು ಅದಕ್ಕೆ ತೂಗುಹಾಕುತ್ತಿದ್ದರು. ಮನೆ ಕತ್ತಲಾಗಿರಲೆಂದು ದೀಪ ಹಚ್ಚುವುದನ್ನು ನಾನು ಕಂಡದ್ದು ಅದೊಂದೇ ಸಲ.

ನನ್ನನ್ನು ನೋಡಿ ಅವರು ಗಾಬರಿಯಾಗಲಿಲ್ಲ. "ಬೆಳಕು ಬಿದ್ರೆ ಹಗಲು ಅಂದ್ಕೊಳ್ಳುತ್ತೆ ಅಂತ ನೀವೇ ಹೇಳಿದ್ರಲ್ಲ" ಎಂದು ಮೆಲ್ಲಗೆ ಕೆಳಗಿಳಿದರು.

ಆಮೇಲೆ ಸ್ಟೂಲಿನ ಮೇಲೆಯೇ ಕೂತು ಹೇಳಿದರು. ಬೀದಿಯ ಕೊನೆಯಲ್ಲಿ ಪ್ಯಾರೇಜಾನ್ ಎಂಬುವರಿದ್ದರು, ತಗಡಿನ ಡಬ್ಬಗಳಿಗೆ ಬೆಸುಗೆ ಹಾಕುವವರು. ಸಂಜೆಯ ನಮಾಜು ಮುಗಿಸಿ ಮೇಷ್ಟ್ರ ಮನೆ ಮುಂದಿನ ದಾರಿಯಲ್ಲೇ ಮನೆಗೆ ಹೋಗುವರು. ದೀಪ ಹಚ್ಚುವ ಹೊತ್ತಿನಲ್ಲಿ ಒಂದು ಮನೆ ಕತ್ತಲಾಗಿದ್ದರೆ ನಮ್ಮ ಕಡೆ ಯಾರೂ ಸುಮ್ಮನೆ ದಾಟಿ ಹೋಗುವುದಿಲ್ಲ. ಏನಾಯಿತೋ ಎಂದು ಕೂಗಿ ಕೇಳುತ್ತಾರೆ. ಮೇಷ್ಟ್ರ ಹೆಂಡತಿ ಹೋದ ಮೇಲೆ ಪ್ಯಾರೇಜಾನ್ ದಿನವೂ ಹಾಗೆ ಕೂಗಿ, ಒಳಗೆ ಬಂದು, ತಾವೇ ಸ್ವಿಚ್ ಹಾಕಿ, ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದರಂತೆ.

"ನಿಮ್ಮ ಮೆಷೀನು ಬಂತು. ಅವತ್ತಿಂದ ಅವರು ರಸ್ತೆಯಿಂದ್ಲೇ ನೋಡಿ ಹೋಗ್ಬಿಟ್ಟರು. ದೀಪ ಹತ್ತಿದೆ, ಎಲ್ಲಾ ಸರಿಯಿದೆ ಅಂತ. ಅವರದೇನೂ ತಪ್ಪಿಲ್ಲ."

"ನೀವೇ ಒಂದು ಮಾತು ಕರೀಬಹುದಿತ್ತಲ್ಲ ಮೇಷ್ಟ್ರೇ?"

"ಕರೆದ್ರೆ ಬರ್ತಾರೆ. ಆದ್ರೆ ಕರೆದದ್ದಕ್ಕೆ ಬರೋದೂ, ನಾನು ಕಾಣ್ಲಿಲ್ಲ ಅಂತ ಬರೋದೂ ಒಂದೇನಾ?"

ನನ್ನ ಕೋಪವೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅಷ್ಟರಲ್ಲಿ ಮುಂದಿನ ಬಾಗಿಲಿಂದ ದೊಡ್ಡ ದನಿ ಕೇಳಿತು: "ಕ್ಯಾ ಮೇಷ್ಟ್ರೇ, ಮತ್ತೆ ಕೆಟ್ಟೋಯ್ತಾ ನಿಮ್ ಮೆಷೀನು? ಕತ್ತಲಲ್ಲಿ ಏನ್ ಮಾಡ್ತಿದೀರಿ?" ಮೇಷ್ಟ್ರು ಗಡಬಡಿಸಿ ಎದ್ದು, ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು ಜಗಲಿಗೆ ಹೋದರು. ಒಳಗೆ ಕೂತವರು ಆ ವರ್ಷದ ಮಾವಿನ ಬೆಲೆಯಿಂದ ಹಿಡಿದು ಪ್ಯಾರೇಜಾನರ ಮಂಡಿನೋವಿನವರೆಗೆ ಮಾತಾಡಿದರು. ನಾನು ಹಿತ್ತಿಲಲ್ಲೇ ಲಾಟೀನಿನ ಪಕ್ಕ ನಿಂತು ಕೇಳಿಸಿಕೊಂಡೆ. ಅಸೂಯೆಯಾಯಿತೆಂದು ಹೇಳಲು ನನಗೆ ನಾಚಿಕೆಯಿಲ್ಲ.

ಆ ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ವೈರಿಂಗ್ ಬದಲಿಸಿದೆ. ಅಡುಗೆಮನೆ, ಬಚ್ಚಲಿನ ದಾರಿಯ ದೀಪಗಳನ್ನು ಫೋಟೋಸೆಲ್ಲಿಗೇ ಬಿಟ್ಟೆ. ಅವು ರಸ್ತೆಗೆ ಕಾಣುತ್ತಿರಲಿಲ್ಲ, ಮೇಷ್ಟ್ರು ಎಡವುವ ಭಯವೂ ಇರಲಿಲ್ಲ. ಜಗಲಿಯ ದೀಪವನ್ನು ಮಾತ್ರ ಬೇರ್ಪಡಿಸಿ ಮೊದಲಿನಂತೆ ಕೈಸ್ವಿಚ್ಚಿಗೆ ಕೊಡಲು ಹೊರಟೆ. ಕೃಷ್ಣಪ್ಪನವರಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಅವರು "ಅವನು ಹೇಳಿದಂಗೇ ಮಾಡಪ್ಪಾ" ಎಂದರು.

"ಸ್ವಿಚ್ ನಿಮ್ಮ ಕುರ್ಚಿ ಪಕ್ಕ ಹಾಕ್ಲಾ?" ಎಂದು ಮೇಷ್ಟ್ರನ್ನು ಕೇಳಿದೆ.

"ಬೇಡ. ಬಾಗಿಲಾಚೆ, ಮೆಟ್ಟಿಲ ಹತ್ತಿರ ಹಾಕಿ. ನನ್ನ ಕೈಗೆ ಸಿಗೋ ಹಾಗೆ ಬೇಡ."

ಮುಂದೆ ಇಂಥ ವ್ಯವಸ್ಥೆಗಳನ್ನು ಎಷ್ಟೋ ಮನೆಗಳಲ್ಲಿ ಕೂರಿಸಿದೆ. ಎಲ್ಲೇ ಹೋಗಲಿ, ಎಷ್ಟು ದೀಪ, ಎಷ್ಟು ವ್ಯಾಟ್ ಎಂದು ಲೆಕ್ಕ ಹಾಕುವುದಕ್ಕೆ ಮೊದಲು ಸಂಜೆ ದೀಪ ಹಾಕುವವರು ಯಾರು ಎಂದು ವಿಚಾರಿಸುವುದನ್ನು ರೂಢಿ ಮಾಡಿಕೊಂಡೆ. ಸೊಸೆ, ಮಗಳು, ಕೆಲಸದಾಕೆ ಎಂದರೆ ಗೋಡೆ ಕೊರೆಯಲು ಶುರು ಮಾಡುತ್ತಿದ್ದೆ. ಸ್ವಲ್ಪ ತಡೆದು "ನಾನೇ" ಎಂದವರ ಮನೆಯಲ್ಲಿ ಮಾತ್ರ ಉಪಕರಣದ ಚೀಲವನ್ನು ಕೆಳಗಿಟ್ಟು, ಅವರು ಕೇಳದಿದ್ದರೂ, ಒಂದು ಲೋಟ ಕಾಫಿ ಕೊಡುತ್ತೀರಾ ಎನ್ನುತ್ತಿದ್ದೆ.