ಲಾಂಡ್ರಿ ಮಾಮ ಬಚ್ಚಿಟ್ಟ ಕೊನೆಯ ಸಂಚಿಕೆ

ಲಾಂಡ್ರಿ ಮಾಮನನ್ನು ನಮ್ಮ ಬೀದಿಯವರೆಲ್ಲ ದೇವರಂಥ ಮನುಷ್ಯ ಅನ್ನುತ್ತಾರೆ. ಯಾರ ಅಂಗಿಯನ್ನೂ ಸುಟ್ಟವನಲ್ಲ, ಜೇಬಿನಲ್ಲಿ ಏನಾದರೂ ಸಿಕ್ಕಿದರೆ ಕರೆದು ಕೊಡುತ್ತಾನೆ. ಅನ್ನಲಿ, ನನಗೇನು? ನನ್ನನ್ನು ಕಂಡರೆ ಮಾತ್ರ ಇಸ್ತ್ರಿಪೆಟ್ಟಿಗೆ ಬಿಟ್ಟು ಒಳಗೆ ಹೋಗುತ್ತಾನೆ.

ಅವನೂ ನನ್ನ ಅಪ್ಪನೂ ಶಾಲೆಯಲ್ಲಿ ಒಂದೇ ಬೆಂಚು. ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದರು. ಇಬ್ಬರಿಗೂ ಒಂದೇ ಹುಚ್ಚು, ಕಾಮಿಕ್ಸ್. ಭಾನುವಾರ ಬಂತೆಂದರೆ ಹಳೇ ಪುಸ್ತಕದಂಗಡಿಗಳಿಗೆ ದಂಡಯಾತ್ರೆ. ನೆಲದ ಮೇಲೆ ಮಂಡಿಯೂರಿ ಪರೀಕ್ಷೆಯ ಗೈಡುಗಳ, ವಾರಪತ್ರಿಕೆಗಳ ರಾಶಿ ಕೆದಕುವುದು. ಮೂಲೆ ಹರಿದ ಒಂದು ಸಂಚಿಕೆ ಸಿಕ್ಕಿದರೂ ಅಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು. ಅಮ್ಮ ಬಾಗಿಲಲ್ಲೇ ತಡೆದು, "ಮೊದ್ಲು ಕೈ ತೊಳ್ಕೊಳಿ, ಆಮೇಲೆ ನಿಮ್ಮ ನಿಧಿ ಒಳಗೆ ಬರ್ಲಿ" ಅನ್ನುತ್ತಿದ್ದಳು.

ಅಪ್ಪನಿಗೆ ಜೀವಮಾನವೆಲ್ಲ ಬೇಕಾಗಿದ್ದದ್ದು ಒಂದೇ ಪುಸ್ತಕ. ಮುತ್ತು ಹೆಕ್ಕುವ ಹುಡುಗನ ಕಥೆಯ ಕೊನೆಯ ಸಂಚಿಕೆ. ಅದರ ಹಿಂದಿನದರಲ್ಲಿ ಹುಡುಗ ಸಮುದ್ರದ ಗುಹೆಯೊಳಗೆ ಸಿಕ್ಕಿಬಿದ್ದು, ನೀರು ಕುತ್ತಿಗೆಗೆ ಬಂದಿತ್ತು. "ನಂಗೆ ಮೊಮ್ಮಕ್ಕಳಾದ್ರೂ ಅವನಿನ್ನೂ ನೀರಲ್ಲೇ ನಿಂತಿದಾನಲ್ಲೋ" ಎಂದು ಅಪ್ಪ ಮಾಮನಿಗೆ ಹೇಳಿ ನಗುತ್ತಿದ್ದರು. ಮಾಮನೂ ನಗುತ್ತಿದ್ದ.

ಆಮೇಲೆ ಅಪ್ಪನ ಕಣ್ಣು ಮಂಜಾಗತೊಡಗಿತು. ಹೋದ ದೃಷ್ಟಿ ಬರುವುದಿಲ್ಲ, ಇರುವುದೂ ಹೋಗುತ್ತದೆ ಎಂದರು ಡಾಕ್ಟರು. ಅಪ್ಪ ಗಡಿಯಾರಗಳನ್ನು ಬಿಟ್ಟರು, ಭಾನುವಾರಗಳನ್ನು ಬಿಡಲಿಲ್ಲ. ಮಾಮನ ತೋಳು ಹಿಡಿದು ಹೋಗಿ, ಒಂದೊಂದು ಪುಸ್ತಕವನ್ನೂ ಮೂಗಿಗೆ ತಾಗಿಸಿ ನೋಡುತ್ತಿದ್ದರು. ಕಣ್ಣಿರುವಾಗಲೇ ಆ ಕೊನೆಯ ಚಿತ್ರವನ್ನು ನೋಡಬೇಕೆಂಬ ಆಸೆ ಅವರಿಗೆ. ಆ ಆಸೆ ಈಡೇರಲಿಲ್ಲ. ಬೆಳಕೂ ಕಾಣದಂತಾಯಿತು.

ಅವರು ಹೋಗುತ್ತಿದ್ದ ಹಳೇ ಪುಸ್ತಕದಂಗಡಿಯೊಂದರ ಅಜ್ಜಿ, ಅಂಗಡಿಯನ್ನು ಶಾಶ್ವತವಾಗಿ ಮುಚ್ಚುವಾಗ ನನ್ನನ್ನು ಕರೆದಳು. ಕಾಸಿಲ್ಲದ ವಾರ ಒಳ್ಳೆಯ ಪುಸ್ತಕ ಕಂಡರೆ, ಯಾರೂ ಮುಟ್ಟದ ಕಾನೂನು ಪುಸ್ತಕಗಳ ಹಿಂದೆ ತುರುಕಿ ಹೋಗುವುದು ಈ ಕಾಮಿಕ್ಸ್ ಹುಚ್ಚರ ಹಳೆಯ ಪದ್ಧತಿ. ಮುಂದಿನ ವಾರ ಬಂದು ಕೊಳ್ಳುತ್ತಾರೆ.

"ಲಾಂಡ್ರಿಯವ್ನು ಮಾತ್ರ ಕೊಳ್ತಾನೇ ಇರ್ಲಿಲ್ಲ" ಎಂದಳು ಅಜ್ಜಿ. "ಆ ಮುತ್ತಿನ ಹುಡುಗನ ಪುಸ್ತಕಾನ ವರ್ಷಗಟ್ಲೆ ಜಾಗ ಬದಲಾಯಿಸಿ ಬದಲಾಯಿಸಿ ಇಡ್ತಿದ್ದ. ನಿಮ್ಮಪ್ಪ ಈ ಕಡೆ ಹುಡುಕಿದ್ರೆ ಆ ಕಡೆ. ಮೊನ್ನೆ ಮನೆಗೆ ತಗೊಂಡು ಹೋದ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅದೂ ಕಣ್ಣು ಹೋಗುತ್ತಿದ್ದ ಇಲಿ! ನನ್ನ ಮೈಯೆಲ್ಲ ಉರಿದುಹೋಯಿತು. ನೇರವಾಗಿ ಲಾಂಡ್ರಿಗೆ ಹೋಗಿ, ಗಿರಾಕಿಗಳ ಎದುರಿಗೇ ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ.

ಅವನು ಮಡಿಸುತ್ತಿದ್ದ ಅಂಗಿಯನ್ನು ಮಡಿಸಿ ಮುಗಿಸಿದ. "ಅದು ಸಿಕ್ಕಿಬಿಟ್ರೆ ನಿಮ್ಮಪ್ಪ ನನ್ಜೊತೆ ಯಾಕಮ್ಮ ಬರ್ತಾನೆ? ಅವನಿಗೆ ಹೆಂಡ್ತಿ, ಮಗಳು, ಮೊಮ್ಮಕ್ಕಳು. ನಂಗೆ ಭಾನುವಾರ ಒಂದೇ ಇದ್ದದ್ದು."

"ಇವತ್ತೇ ಬಂದು ಓದಿ ಹೇಳಿ. ಇಲ್ದಿದ್ರೆ ಅಪ್ಪನಿಗೆ ಎಲ್ಲ ಹೇಳ್ಬಿಡ್ತೀನಿ" ಎಂದೆ.

ಸಂಜೆ ಬಂದ. ಪುಸ್ತಕ ಸಿಕ್ಕಿತು ಎಂದದ್ದೇ ತಡ, ಅಪ್ಪ ಮಂಚದ ಮೇಲೆ ಎದ್ದು ಕೂತರು. ರಟ್ಟನ್ನು ಸವರಿದರು, ಮೂಸಿ ನೋಡಿದರು. ಮಾಮ ದನಿ ಬದಲಿಸಿ ಬದಲಿಸಿ ಓದಿದ. ಚಿತ್ರಗಳನ್ನೂ ವರ್ಣಿಸಿದ. ನೀರು ಹುಡುಗನ ಮೂಗಿನವರೆಗೆ ಬಂತು. ಅಪ್ಪ ಉಸಿರು ಬಿಗಿಹಿಡಿದಿದ್ದರು.

ಮಾಮ ಹಾಳೆ ತಿರುಗಿಸಿ, "ಅಯ್ಯೋ, ಕೊನೇ ಪುಟಾನೇ ಹರಿದುಹೋಗಿದೆ ಕಣೋ" ಎಂದ.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನನಗೆ ಅಲ್ಲಿಂದ ಚಿತ್ರ ಗೊತ್ತಾಗಲಿಲ್ಲ, ಆದರೆ ಪುಟ ಅಂಚು ಕೂಡ ಮುಕ್ಕಾಗದೆ ಇತ್ತು. ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಅವನ ಕೈ ಹಿಡಿದುಕೊಂಡಿದ್ದರು. "ಹೋಗ್ಲಿ ಬಿಡೋ. ಇನ್ನೊಂದು ಕಾಪಿ ಎಲ್ಲಾದ್ರೂ ಇದ್ದೇ ಇರುತ್ತೆ. ಭಾನುವಾರ ಬರ್ತೀಯಲ್ಲ?"

"ಬರ್ದೇ ಏನು" ಎಂದ ಮಾಮ.

ಅಪ್ಪನ ಮುಂದೆ ರಂಪ ಬೇಡವೆಂದು, ಪುಸ್ತಕ ಕಂಕುಳಲ್ಲಿಟ್ಟು ಹೊರಟವನನ್ನು ಮೆಟ್ಟಿಲ ಬಳಿ ತಡೆದೆ. "ಪುಟ ಇದೆ, ನಾನು ನೋಡಿದೀನಿ. ಕೊಡಿ ಇಲ್ಲಿ, ನಾನೇ ಓದಿ ಹೇಳ್ತೀನಿ."

ಅವನು ಆ ಪುಟವನ್ನು ಕಿತ್ತ. ಚೂರುಚೂರು ಮಾಡಿ ಮೋರಿಗೆ ಹಾಕಿದ. ಉಳಿದ ಪುಸ್ತಕವನ್ನು ನನ್ನ ಕೈಗಿಟ್ಟ.

"ತಗೋಮ್ಮ. ಈಗ ನಾನು ಸುಳ್ಳು ಹೇಳ್ದಂಗಾಗ್ಲಿಲ್ಲ."