ಸೊಸೆಯ ಉಸಿರು ಮತ್ತು ನನ್ನ ಮಡಿಕೋಲು

ಭಗವಂತನ ಕೃಪೆ ಬರೆಯುವವರು ತಮ್ಮ ತಪ್ಪನ್ನು ಮುಚ್ಚಿಡುವುದುಂಟು. ನಾನು ಅದರಿಂದಲೇ ಶುರು ಮಾಡುತ್ತೇನೆ. ಇಲ್ಲದಿದ್ದರೆ ನಮ್ಮ ಮನೆದೇವರು ನರಸಿಂಹಸ್ವಾಮಿ ಮೆಚ್ಚುವುದಿಲ್ಲ.

ಅರವತ್ತರ ದಶಕದ ಮಾತು. ಸಿ.ಎಸ್. ಪುರದ ನಮ್ಮ ಮನೆಗೆ ಕರೆಂಟು ಬಂದು ಎರಡು ವರ್ಷವೂ ಆಗಿರಲಿಲ್ಲ. ಅಂದು ಶ್ರಾವಣ ಶನಿವಾರ. ಮಗ ಕುಣಿಗಲ್ಲಿಗೆ ಹೋಗಿದ್ದ. ನಾನು ಬಾವಿಯ ಹತ್ತಿರ ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲೇ ಮಡಿಕೋಲು ಹಿಡಿದು ಬರುತ್ತಿದ್ದೆ. ಮಡಿಬಟ್ಟೆಯನ್ನು ಕೈ ತಾಗದಂತೆ ಎತ್ತರದಲ್ಲಿ ಹರವುವ ಒಣ ಬಿದಿರಿನ ಕೋಲು ಅದು. ಹಿತ್ತಲಲ್ಲಿ ಸೊಸೆ ಸಾವಿತ್ರಿ ಕಬ್ಬಿಣದ ತಂತಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಮನೆಗೆ ಬರುವ ಕರೆಂಟಿನ ವೈರು ಸವೆದು ಆ ತಂತಿಗೆ ತಾಗುತ್ತಿದ್ದುದು ನಮಗ್ಯಾರಿಗೂ ಗೊತ್ತಿರಲಿಲ್ಲ. ಅವಳ ಕೈ ತಂತಿಗೆ ಕಚ್ಚಿಕೊಂಡಿತು. ಬಾಯಿ ತೆರೆದಿತ್ತು, ದನಿ ಬರಲಿಲ್ಲ.

ಮಜ್ಜಿಗೆಗೆಂದು ಹಿತ್ತಲ ಬಾಗಿಲಲ್ಲಿ ನಿಂತಿದ್ದ ಸೂಲಗಿತ್ತಿ ಕೆಂಪಮ್ಮ ಓಡಿ ಬಂದು ಕೋಲು ಕೇಳಿದಳು. ನನ್ನ ಮಗ ಹುಟ್ಟಿದಾಗ ಹೆರಿಗೆ ಮಾಡಿಸಿದವಳು ಇವಳೇ. ಕರೆಂಟು ಹಿಡಿದವರನ್ನು ಒಣ ಮರದಿಂದ ಬಿಡಿಸಬೇಕೆಂದು ಲೈನ್‌ಮನ್ ಹೇಳಿದ್ದು ಅವಳಿಗೆ ನೆನಪಿತ್ತಂತೆ. ನಾನು ಕೋಲನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದೆ.

"ಮಡಿಕೋಲು ಕಣೇ, ಮುಟ್ಬೇಡ," ಎಂದೆ.

ಈ ಬಾಯಲ್ಲೇ ಎಂದೆ. ಅವಳು ಅದನ್ನು ಕಿತ್ತುಕೊಂಡು ಎರಡೇಟಿಗೆ ಸಾವಿತ್ರಿಯ ಕೈ ಬಿಡಿಸಿದಳು. ನೆಲಕ್ಕೆ ಬಿದ್ದ ಹುಡುಗಿಗೆ ಉಸಿರಿರಲಿಲ್ಲ. ಆಗ ನನಗೆ ದೇವರು ನೆನಪಾದ. ನನ್ನ ಮಡಿ, ವ್ರತ ಎಲ್ಲ ತಗೋ, ಇವಳನ್ನು ಕೊಡು ಎಂದು ಬೇಡಿಕೊಂಡೆ. ಕೆಂಪಮ್ಮ ಹುಟ್ಟಿ ಅಳದ ಕೂಸಿಗೆ ಊದುವ ಹಾಗೆ ಸೊಸೆಯ ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಊದತೊಡಗಿದಳು. ಎಷ್ಟು ಸಲವೋ ಲೆಕ್ಕವಿಲ್ಲ. ಕೊನೆಗೆ ಸಾವಿತ್ರಿ ಕೆಮ್ಮಿದಳು.

ಬಸ್ಸು ಹತ್ತಿ ತುಮಕೂರಿನ ಆಸ್ಪತ್ರೆಗೆ ಹೊರಟೆವು. ಕೆಂಪಮ್ಮ ಬಸ್ಸಿನ ನೆಲದ ಮೇಲೆ ಕೂತು, ಸೀಟಿನಲ್ಲಿ ಮಲಗಿದ್ದ ಸೊಸೆಯ ತಲೆ ಹಿಡಿದುಕೊಂಡಿದ್ದಳು. ಮೇಲೆ ಕೂತುಕೋ ಎನ್ನಲು ನನಗೆ ಅರ್ಧ ದಾರಿಯ ಗುಬ್ಬಿ ಊರು ದಾಟಬೇಕಾಯಿತು.

ಸುಟ್ಟ ಕೈಗೆ ಪಟ್ಟಿ ಕಟ್ಟಿದ ಡಾಕ್ಟರು, ಆ ಗಳಿಗೆಯಲ್ಲೇ ಊದಿದ್ದರಿಂದ ಜೀವ ಉಳಿಯಿತು ಎಂದರು. ಒದ್ದೆ ಸೀರೆಯಲ್ಲಿ ಸೊಸೆಯನ್ನು ಮುಟ್ಟದೆ ನಿಂತಿರಲ್ಲ, ಜಾಣತನ ಮಾಡಿದಿರಿ, ಮುಟ್ಟಿದ್ದರೆ ನೀವೂ ಹೋಗುತ್ತಿದ್ದಿರಿ ಎಂದು ನನ್ನನ್ನೂ ಹೊಗಳಿದರು. ನಾಚಿಕೆಯಿಂದ ಕುಗ್ಗಿಹೋದೆ. ನಿಜ ಗೊತ್ತಿದ್ದ ಕೆಂಪಮ್ಮ ಸೊಸೆಯ ಹೊದಿಕೆ ಸರಿಮಾಡುತ್ತಿದ್ದಳು.

ನಾಲ್ಕನೇ ದಿನ ಮನೆಗೆ ಬಂದೆವು. ಕೋಲು ಹಿತ್ತಲಲ್ಲೇ ಬಿದ್ದಿತ್ತು. ಕೆಂಪಮ್ಮ ಅದನ್ನು ಎತ್ತಿಕೊಂಡಳು.

"ಕೋಲು ತೊಳ್ದು ಮಡಗ್ಲಾ, ಅಮ್ಮಾವ್ರೆ?"

ಆ ಮಾತಿನಲ್ಲಿ ಕೊಂಕು ಒಂದಿಷ್ಟೂ ಇರಲಿಲ್ಲ. ಅವಳ ಕೈ ಹಿಡಿದು ಒಳಗೆ ಕರೆತಂದೆ. ಆ ಶನಿವಾರ ನಿಂತುಹೋಗಿದ್ದ ಪೂಜೆ ಮುಗಿಸಿ, ಮಂಗಳಾರತಿಯನ್ನು ಮೊದಲು ಅವಳಿಗೇ ಕೊಟ್ಟೆ.

ಭಕ್ತರೇ, ಸ್ವಾಮಿ ಮೊರೆ ಕೇಳುತ್ತಾನೆ, ನಂಬಿ. ನಾನು ಬೇಡಿಕೊಳ್ಳುವ ಮೊದಲೇ ಅವಳನ್ನು ನಮ್ಮ ಹಿತ್ತಲ ಬಾಗಿಲಿಗೆ ಕಳಿಸಿದ್ದ. ಕೋಲು ಹಿಡಿದು ಅಡ್ಡ ನಿಂತವಳು ನಾನೇ.