ಇಣುಕಮ್ಮನ ಮುಚ್ಚಳ

ಅವಳಿಗೆ ಇಣುಕಮ್ಮ ಎಂದು ಹೆಸರಿಟ್ಟವರು ಸ್ವಂತ ಅತ್ತೆಯೇ. ಸುಮ್ಮನೆ ಇಟ್ಟದ್ದೇನಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಒಲೆಯ ಮೇಲಿನ ಪಾತ್ರೆಯ ಮುಚ್ಚಳವನ್ನು ಹತ್ತು ಸಲ ಎತ್ತಿ ನೋಡಿ, ಅನ್ನ ಅರೆಬೆಂದದ್ದಕ್ಕೆ ಒಲೆಯನ್ನೇ ಬೈದವಳು ಅವಳು. ಈಗ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹಿರಿಯ ಅಡುಗೆಯವಳು. ಸೌಟು ಹಿಡಿದು ನಿಂತರೆ ಮ್ಯಾನೇಜರೂ ಬಾಗಿಲಲ್ಲೇ ನಿಲ್ಲಬೇಕು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು ನೋಡಿ. ಮುಚ್ಚಿಟ್ಟದ್ದು ಏನೇ ಕಂಡರೂ ಅವಳ ಕೈ ಇವತ್ತಿಗೂ ತುರಿಸುತ್ತದೆ.

ಹಿತ್ತಿಲಲ್ಲಿ ಅವಳದೊಂದು ಕೋಳಿಯಿತ್ತು. ಕತ್ತಿನ ಮೇಲೆ ಒಂದು ಗರಿಯೂ ಇಲ್ಲದ ಬೋಳುಕತ್ತಿನ ಕೋಳಿ, ಅವಳ ಅಮ್ಮ ಸಾಕಿದ್ದ ಕೋಳಿಯ ಮೊಮ್ಮಗಳು. ಅಮ್ಮ ಹೋದ ಮೇಲೆ ಆ ಮನೆಯೂ ಮಾರಾಟವಾಗಿತ್ತು. ತವರು ಅಂತ ಉಳಿದದ್ದು ಈ ಕೋಳಿ ಒಂದೇ. ಅದು ಕಾವಿಗೆ ಕೂತಾಗೆಲ್ಲ ಇವಳು ರೆಕ್ಕೆ ಎತ್ತಿ ಕೆಳಗೆ ಇಣುಕುವಳು. ಅದಾದರೂ ಎಷ್ಟೆಂದು ತಾಳೀತು? ಎರಡು ಸಲ ಮೊಟ್ಟೆಗಳನ್ನು ಬಿಟ್ಟು ಎದ್ದೇ ಹೋಯಿತು. ಮೂರನೆಯ ಸಲ ಕಾವಿಗೆ ಕೂರುವ ಮೊದಲೇ ಬೀದಿನಾಯಿ ಅದನ್ನು ಕಚ್ಚಿಕೊಂಡು ಓಡಿತು.

ಬುಟ್ಟಿಯಲ್ಲಿ ಒಂಬತ್ತು ಮೊಟ್ಟೆ ಉಳಿದವು. ಅವುಗಳಿಂದ ಮರಿ ಬರದಿದ್ದರೆ ಅಮ್ಮನ ಕೋಳಿಯ ವಂಶ ಅಲ್ಲಿಗೇ ನಿಂತಂತೆ. ಅಕ್ಕಪಕ್ಕದಲ್ಲಿ ಕಾವಿಗೆ ಕೂತ ಕೋಳಿ ಬೇರೊಂದಿರಲಿಲ್ಲ, ಮೊಟ್ಟೆಗಳನ್ನು ಬಹಳ ದಿನ ಇಡುವಂತೆಯೂ ಇಲ್ಲ. ಕಾವು ಕೊಡುವ ಯಂತ್ರ ತಂದೇ ತರುತ್ತೇನೆ ಎಂದು ಇಣುಕಮ್ಮ ಹಟ ಹಿಡಿದಳು.

“ಕೋಳೀನೇ ನೆಮ್ಮದಿಯಾಗಿ ಕೂರೋಕೆ ಬಿಡದವಳು, ಡಬ್ಬೀನ ಬಿಡ್ತೀಯಾ?” ಎಂದರು ಅತ್ತೆ. “ದಿನಾ ಮುಚ್ಚಳ ತೆಗೆದು ಮಾತಾಡಿಸ್ತೀಯ ಅಷ್ಟೇ.”

ಮಾತು ಚುಚ್ಚಿತು. ನಿಜವಾದ ಮಾತೇ ಅಲ್ಲವೇ ಚುಚ್ಚುವುದು?

ಕೋಳಿ ಆಹಾರ, ಬಲೆ, ನೀರಿನ ತಟ್ಟೆ ಮಾರುವ ಅಂಗಡಿಗೆ ಗಂಡನನ್ನೂ ಕರೆದುಕೊಂಡು ಹೋದಳು. ಅವನು ಬಸ್ಸು ಓಡಿಸುವವನು, ಅವನ ಕಣ್ಣಿಗೆ ಬೀಳುವುದೆಲ್ಲ ದೊಡ್ಡದೇ. ಬೀರುವಿನಷ್ಟು ಎತ್ತರದ ಯಂತ್ರವೊಂದನ್ನು ತಟ್ಟಿ, “ತಗೊಂಡ್ರೆ ಇಂಥದ್ದು ತಗೋಬೇಕು. ನಾಳೆ ನೂರು ಕೋಳಿ ಆದ್ರೆ?” ಎಂದ.

“ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಬೇಡಿ,” ಎಂದಳು ಅವಳು. ಕೋಳಿಯನ್ನು ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ; ಆಮೇಲೆ ಗಂಡನನ್ನೂ ಯಾರೂ ಏನೂ ಕೇಳಲಿಲ್ಲ.

ಅಂಗಡಿಯವನು ಥರ್ಮಾಕೋಲಿನ ಪೆಟ್ಟಿಗೆಯೊಂದನ್ನು ತೋರಿಸಿದ. ಬೆಲೆ ಕಡಿಮೆ, ಆದರೆ ದಿನಕ್ಕೆ ನಾಲ್ಕಾರು ಸಲ ಮುಚ್ಚಳ ತೆಗೆದು ಮೊಟ್ಟೆಗಳನ್ನು ಕೈಯಿಂದಲೇ ತಿರುಗಿಸಬೇಕು. ಅವಳ ಕೈ ಆಗಲೇ ತುರಿಸತೊಡಗಿತು. ಪೆಟ್ಟಿಗೆಯನ್ನು ಅವಳೇ ಆಚೆ ಸರಿಸಿದಳು.

“ಮುಚ್ಚಳ ತೆಗೀದೇನೇ ಎಲ್ಲಾ ಕೆಲಸ ಆಗೋ ಅಂಥದ್ದು ಇದ್ಯಾ?”

“ಎಲ್ಲರೂ ಎಷ್ಟು ಮೊಟ್ಟೆ ಹಿಡಿಯುತ್ತೆ ಅಂತ ಕೇಳ್ತಾರಮ್ಮ.”

“ಎಲ್ಲರ ಕೈ ನನ್ನ ಕೈ ಥರ ಇರಲ್ಲಪ್ಪ.”

ಅವನು ನಗುತ್ತಾ ಮೇಲಿನ ಕಪಾಟಿನಿಂದ ದುಂಡನೆಯದೊಂದನ್ನು ಇಳಿಸಿದ. ಹಿಡಿಯುವುದು ಒಂದು ಡಜನ್ ಮೊಟ್ಟೆ. ಮೊಟ್ಟೆಗಳನ್ನು ಅದೇ ತಿರುಗಿಸುತ್ತದೆ, ನೀರು ಹಾಕಲು ಪಕ್ಕದಲ್ಲೊಂದು ತೂತು. ಮುಚ್ಚಳವಂತೂ ಪೂರ್ತಿ ಪಾರದರ್ಶಕ, ಎಲ್ಲಿಂದ ನೋಡಿದರೂ ಒಳಗಿನದೆಲ್ಲ ಕಾಣುತ್ತದೆ. “ಕೊನೇ ಮೂರು ದಿನ ಮಾತ್ರ ಏನೇ ಆದ್ರೂ ಇದನ್ನ ತೆಗೀಬೇಡಿ,” ಎಂದ. “ಒಳಗಿನ ತೇವ ಆರಿದ್ರೆ ಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತೆ. ಮರಿ ಉಳಿಯಲ್ಲ.”

ಮನೆಯಲ್ಲಿ ಅದನ್ನು ಊಟದ ಮೇಜಿನ ಮೂಲೆಯಲ್ಲಿಟ್ಟು ಮನಸಾರೆ ಇಣುಕಿದಳು. ಕೆಲಸಕ್ಕೆ ಹೋಗುವಾಗ ಒಮ್ಮೆ, ಬಂದು ಚಪ್ಪಲಿ ಬಿಡುವ ಮೊದಲೇ ಇನ್ನೊಮ್ಮೆ. ಮುಚ್ಚಳದ ತುಂಬ ಮೂಗಿನ ಗುರುತು. ಒರೆಸುವಾಗ ನೋಡಿದರೆ ಎಲ್ಲವೂ ಅವಳ ಮೂಗಿನವಲ್ಲ. ಅತ್ತೆಯ ಕುರ್ಚಿ ದಿನದಿನಕ್ಕೆ ಮೇಜಿನ ಹತ್ತಿರ ಬರುತ್ತಿತ್ತು.

ಕೊನೆಗೊಂದು ರಜೆಯ ದಿನ ಬೆಳಿಗ್ಗೆ ಚಿಪ್ಪುಗಳು ಬಿರಿಯತೊಡಗಿದವು. ಮೊದಲ ಮರಿ ಬಂತು. ಕತ್ತಿನ ತುಂಬ ತುಪ್ಪುಳ, ಪಕ್ಕದ ಮನೆಯ ಹುಂಜದ ಪಡಿಯಚ್ಚು. ಎರಡನೆಯದು ಚಿಪ್ಪಿಗೆ ತೂತು ಮಾಡಿ ಅಲ್ಲೇ ನಿಂತಿತು. ಮಧ್ಯಾಹ್ನವಾದರೂ ಅಷ್ಟೇ ತೂತು, ಒಳಗೆ ಬಾಯಿ ಬಿಡುವ ಪುಟ್ಟ ಕೊಕ್ಕು.

ಅತ್ತೆಗೆ ತಡೆಯಲಾಗಲಿಲ್ಲ. “ಪಾಪ, ಉಸಿರು ಕಟ್ತಿದೆ ಕಣೇ. ಸ್ವಲ್ಪ ಬಿಡಿಸಿಬಿಡೋಣ,” ಎಂದು ಮುಚ್ಚಳಕ್ಕೆ ಕೈ ಹಾಕಿದರು.

ಇಣುಕಮ್ಮನ ಕೈಯೂ ಎದ್ದಿತು. ತೆಗೆಯುವುದಕ್ಕೇ ಎದ್ದದ್ದು, ಸುಳ್ಳೇಕೆ? ಆದರೆ ಅದು ಹೋಗಿ ಅತ್ತೆಯ ಕೈಯ ಮೇಲೆ ಕೂತು ಮುಚ್ಚಳವನ್ನು ಒತ್ತಿ ಹಿಡಿಯಿತು.

“ಬೇಡ ಅತ್ತೆ.”

“ಸತ್ತುಹೋದ್ರೆ?”

“ತೆಗೆದ್ರೆ ಸಾಯುತ್ತೆ.”

ಹೇಳುವಾಗ ಅವಳ ಕಣ್ಣು ತುಂಬಿತ್ತು. ತಾಳಿದವನು ಬಾಳಿಯಾನು ಅನ್ನುವುದು ಸುಲಭ, ತಾಳುವವರ ಸಂಕಟ ಅವರಿಗೇ ಗೊತ್ತು. ಗಂಡ ಟೀ ಮಾಡಿ ತಂದಿಟ್ಟ, ಅದು ಆರಿ ತಣ್ಣಗಾಯಿತು. ಇಬ್ಬರ ಕೈಗಳೂ ಮುಚ್ಚಳದ ಮೇಲೇ ಇದ್ದವು.

ಸಂಜೆಯ ಹೊತ್ತಿಗೆ ಚಿಪ್ಪು ಸುತ್ತಲೂ ಬಿರಿದು ಮೇಲ್ಭಾಗ ಟೋಪಿಯಂತೆ ಕಳಚಿತು. ಒದ್ದೆ ಮುದ್ದೆಯೊಂದು ಹೊರಕ್ಕುರುಳಿ ತಲೆ ಎತ್ತಿತು. ಕತ್ತು ಬೋಳು. ಅಮ್ಮನ ಕೋಳಿಯದೇ ಕತ್ತು. ಇಣುಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಅಡುಗೆಮನೆಗೆ ಹೋದಳು.

ಸುದ್ದಿ ಕೇಳಿ ನೋಡಲು ಬಂದ ಪಕ್ಕದ ಮನೆಯಾಕೆ ಬಂದವಳೇ ಮುಚ್ಚಳಕ್ಕೆ ಕೈ ಚಾಚಿದಳು. ಅತ್ತೆ ಆ ಕೈಯನ್ನು ಪಟ್ಟನೆ ತಟ್ಟಿದ್ದು ಅಡುಗೆಮನೆಗೂ ಕೇಳಿಸಿತು.

“ಮುಟ್ಟಬೇಡ. ಇನ್ನೂ ಮರಿ ಬರೋದಿದೆ. ನಮ್ಮ ಇಣುಕಮ್ಮನೇ ಮುಟ್ಟಿಲ್ಲ, ನೀನ್ಯಾರೇ ಮುಟ್ಟೋಕೆ?”

ಆ ಹೆಸರನ್ನು ಅತ್ತೆ ಹೆಮ್ಮೆಯಿಂದ ಹೇಳಿದ್ದು ಅದೇ ಮೊದಲು.